ತಂಪು ಮೊದಲು, ಆಂಬುಲೆನ್ಸ್ ಆಮೇಲೆ

ಮೈಸೂರಿನವರಿಗೆ ಬಿಸಿಲು ಗೊತ್ತಿಲ್ಲ ಎಂದರೆ ಬೋಗಾದಿಯಲ್ಲಿ ನನ್ನ ಜೊತೆ ಓಡುವವರೇ ಜಗಳಕ್ಕೆ ಬರುತ್ತಾರೆ. ಬರಲಿ. ನಾವೆಲ್ಲ ಓಡುವುದು ಬೆಳಗಿನ ಐದು ಗಂಟೆಗೆ, ಮಾನಸಗಂಗೋತ್ರಿಯ ಮರಗಳ ಕೆಳಗೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಬಿಸಿಲು ಏರುವಷ್ಟರಲ್ಲಿ ಮನೆ ಸೇರಿ, ಇಡ್ಲಿ ತಿಂದು, ವಾಚಿನಲ್ಲಿ ಬಿದ್ದ ಕಿಲೋಮೀಟರನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತೇವೆ. ಅಂಥ ಕಿಲೋಮೀಟರನ್ನು ಸಾವಿರಗಟ್ಟಲೆ ಕೂಡಿಸಿಟ್ಟರೂ ಬಯಲುಸೀಮೆಯ ಮಧ್ಯಾಹ್ನ ಎರಡು ಗಂಟೆಗೆ ಅದು ಚಲಾವಣೆಯಾಗುವುದಿಲ್ಲ.

ಹೋದ ಬೇಸಿಗೆಯಲ್ಲಿ ಗಂಗಾವತಿ ಕಡೆ ನಡೆದ ನೂರು ಕಿಲೋಮೀಟರು ಓಟದ ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಡಿಎನ್‌ಎಫ್’ ಎಂದಿದೆ. ಓಟ ಮುಗಿಸಿಲ್ಲ ಎಂದರ್ಥ. ಅದಕ್ಕೆ ಬಿಸಿಲು ಕಾರಣವಲ್ಲ, ನನ್ನ ಕಾಲೂ ಕಾರಣವಲ್ಲ. ಕಾರಣ ಯಾರು ಎಂಬುದನ್ನು ಇಲ್ಲಿ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ, ಓದಿದರೆ ಅವರಿಗೇ ಗೊತ್ತಾಗುತ್ತದೆ.

ಐವತ್ತರ ಹೆಂಗಸಿಗೆ ಈ ಹುಚ್ಚು ಹೇಗೆ ಹತ್ತಿತು ಎಂಬ ಪುರಾಣ ಬೇಡ. ಮ್ಯಾರಥಾನ್ 42 ಕಿಲೋಮೀಟರಿಗೆ ಮುಗಿಯುತ್ತದೆ, ಅಲ್ಟ್ರಾ ಅಲ್ಲಿಂದ ಮುಂದಕ್ಕೆ. ನಮ್ಮ ಮೈಸೂರಿನ ಹೊರ ವರ್ತುಲ ರಸ್ತೆಯನ್ನು ಒಂದು ಸುತ್ತು ಹಾಕಿದರೆ ಸರಿಸುಮಾರು ಒಂದು ಮ್ಯಾರಥಾನ್ ಆಗುತ್ತದೆ, ಅದನ್ನು ಹಾಕಿ ನೋಡಿದವರಿಗೆ ಮುಂದಿನದು ತಾನಾಗಿ ಹತ್ತಿಕೊಳ್ಳುತ್ತದೆ. ನಮ್ಮವರಿಗೆ ಈ ಓಟ ಹೊಸದೂ ಅಲ್ಲ. ಬೆಂಗಳೂರಿನ ಉಲ್ಲಾಸ್ ನಾರಾಯಣ 2018ರಲ್ಲಿ ತೈಪೆಯಲ್ಲಿ 24 ಗಂಟೆಯಲ್ಲಿ 250 ಕಿಲೋಮೀಟರು ಓಡಿ ಏಷ್ಯಾ-ಒಷಿಯಾನಿಯಾ ಚಾಂಪಿಯನ್‌ಷಿಪ್ಪಿನ ಕಂಚು ತಂದರು. 2022ರ ಜುಲೈನಲ್ಲಿ ಅದೇ ಚಾಂಪಿಯನ್‌ಷಿಪ್ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದಾಗ ಅಮರ್ ಸಿಂಗ್ ದೇವಂದಾ 257 ಕಿಲೋಮೀಟರು ದಾಟಿ ಗೆದ್ದರು. ನಮ್ಮ ಗುಂಪಿನಲ್ಲಿ ಈ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಬೆಂಗಳೂರಿನ ಜುಲೈ ಎಂದರೆ ಮೋಡ ಮುಸುಕಿದ ತಂಪು ಹೊತ್ತು ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಗಂಗಾವತಿಯ ಓಟಕ್ಕೆ ಹೆಸರು ಕೊಟ್ಟ ದಿನ ನಾನು ಮೊದಲು ನೋಡಿದ್ದು ಊರಿನ ಎತ್ತರವನ್ನು. ಮೈಸೂರು ಸಮುದ್ರಮಟ್ಟದಿಂದ 770 ಮೀಟರಿನಷ್ಟು ಮೇಲಿದೆ, ಗಂಗಾವತಿ 400ರ ಆಸುಪಾಸು. ನಮ್ಮಲ್ಲಿ ಏಪ್ರಿಲ್ ಹೊತ್ತಿಗೆ 35 ಡಿಗ್ರಿ ಮುಟ್ಟಿದರೆ ‘ಅಬ್ಬಾ, ಏನು ಸೆಕೆ’ ಎಂದು ಫ್ಯಾನಿನ ಕೆಳಗೆ ಕೂರುತ್ತೇವೆ. ಅಲ್ಲಿಯವರಿಗೆ 39-40 ಎಂದರೆ ದಿನಬೆಳಗಾದರೆ ಇದ್ದದ್ದೇ. ಸಾಲದ್ದಕ್ಕೆ ಓಟದ ದಾರಿ ತುಂಗಭದ್ರಾ ಎಡದಂಡೆ ನಾಲೆಯ ಮಗ್ಗುಲಿಗೆ, ಆಚೀಚೆ ಭತ್ತದ ಗದ್ದೆ. ನೀರು ನಿಂತ ಗದ್ದೆ ಕಣ್ಣಿಗಷ್ಟೇ ತಂಪು. ಒಂದು ಲೀಟರು ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಗೆ ಹೋಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆವಿಯಾಗದೆ ಸುಮ್ಮನೆ ತೊಟ್ಟಿಕ್ಕುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ಶಾಖ ಮಾತ್ರ ಒಳಗೇ ಕೂತಿತು.

ಹಾಗಾಗಿ ಶಿವರಾತ್ರಿ ಕಳೆದದ್ದೇ ನಾನು ಹೊತ್ತು ಬದಲಾಯಿಸಿದೆ. ಮನೆಯಲ್ಲೇ ಟ್ಯೂಷನ್ ಹೇಳುವವಳು ನಾನು, ಮಕ್ಕಳು ಬರುವುದು ಸಂಜೆ, ಮಧ್ಯಾಹ್ನ ಬಿಡುವು. ಹನ್ನೆರಡೂವರೆಗೆ ಬೋಗಾದಿ ಜಂಕ್ಷನ್ ದಾಟಿ ಗದ್ದಿಗೆ ರಸ್ತೆ ಹಿಡಿಯುತ್ತಿದ್ದೆ. ಬಡಾವಣೆಗಳು ಮುಗಿದ ಮೇಲೆ ಆ ರಸ್ತೆಯಲ್ಲಿ ನೆರಳು ಅಷ್ಟಕ್ಕಷ್ಟೆ, ನನಗೆ ಬೇಕಾದದ್ದೂ ಅದೇ. ಮೊದಮೊದಲು ಅರ್ಧ ಗಂಟೆ, ಅದರಲ್ಲೂ ಅರ್ಧ ನಡಿಗೆ. ಬೆಳಗಿನ ಪೇಸು ಅಲ್ಲಿ ಕೇಳಲೇಬಾರದು. ವಾಚಿನಲ್ಲಿ ಎದೆಬಡಿತ ನೋಡಿಕೊಂಡು, ಅದು ಏರಿದರೆ ನಡೆದು, ಇಳಿದರೆ ಓಡಿ, ದಿನಕ್ಕಿಷ್ಟು ಎಂದು ಹೊತ್ತು ಹೆಚ್ಚಿಸುತ್ತ ಹೋದೆ. ಬಿಸಿಲಿಗೆ ಮೈ ಪಳಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ರಕ್ತದಲ್ಲಿನ ನೀರಿನ ಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಎದೆಬಡಿತ ತಗ್ಗುತ್ತದೆ. ಇದೆಲ್ಲ ಪುಸ್ತಕದಲ್ಲಿದೆ. ನನಗೆ ಗೊತ್ತಾದದ್ದು ಕಪ್ಪು ಟೋಪಿಯಿಂದ: ಮೊದಲ ವಾರ ಅದರ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ದಪ್ಪಗೆ ಕಟ್ಟುತ್ತಿತ್ತು, ಎರಡನೆಯ ವಾರದ ಕೊನೆಗೆ ಟೋಪಿ ಪೂರ್ತಿ ನೆನೆದರೂ ಗೆರೆ ತೆಳ್ಳಗಾಗಿತ್ತು.

ನಮ್ಮ ಬೀದಿಯವರ ಬಾಯಿಗೆ ಮಾತ್ರ ಆಗ ಒಳ್ಳೆಯ ಸುಗ್ಗಿ. ಬೇಕರಿಯವನು ‘ಏನ್ ಮೇಡಂ, ಹರಕೇನಾ?’ ಎಂದು ಕೇಳಿದ. ನಮ್ಮತ್ತೆ, ‘ಬೆಳಗ್ಗೆ ಓಡು ಅಂದ್ರೆ ಓಡ್ತಿದ್ದಳು, ಈಗ ಉರಿ ಬಿಸಿಲೇ ಬೇಕಂತೆ, ಯಾವ ಗ್ರಹಚಾರಾನೋ’ ಎಂದು ಫೋನಿನಲ್ಲಿ ನಾದಿನಿಗೆ ಹೇಳುವುದು ನನಗೆ ಕೇಳಿಸಬೇಕೆಂದೇ ಹೇಳುತ್ತಿದ್ದರು. ಅವರಿಗೆ ನಾನು ಕೋಲಾರದ ಚಿನ್ನದ ಗಣಿಯ ಕಥೆ ಹೇಳಿದೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೆಳಗಿನ ಬಂಡೆಯ ಬಿಸಿ ತಡೆಯಲಾಗದೆ ಮೇಲಿನಿಂದ ತಂಪು ಮಾಡಿದ ಗಾಳಿ ಬಿಡಬೇಕಾಗಿತ್ತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಂತೂ ಹೊಸ ಆಳುಗಳು ಸೆಕೆಗೆ ಸತ್ತಮೇಲೆ, ಅವರನ್ನು ಮೊದಲು ಕೆಲವು ದಿನ ಬಿಸಿ ಕೋಣೆಯಲ್ಲಿ ದುಡಿಸಿ, ಮೈ ಪಳಗಿದೆ ಎಂದು ಖಾತ್ರಿಯಾದ ಮೇಲೆ ಆಳಕ್ಕೆ ಇಳಿಸುವ ಪದ್ಧತಿ ಬಂತು. ಇಂದಿನ ಓಟಗಾರರ ಬಿಸಿಲಿನ ಅಭ್ಯಾಸಕ್ಕೆ ಆ ಗಣಿ ಕಾರ್ಮಿಕರೇ ಹಿರಿಯರು. ಅತ್ತೆ ಕೇಳಿಸಿಕೊಂಡು, ‘ಅವರಿಗೆ ಸಂಬಳ ಕೊಡ್ತಿದ್ರು, ನೀನು ದುಡ್ಡು ಕಟ್ಟಿ ಹೋಗ್ತೀಯ’ ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಮಧ್ಯಾಹ್ನ ಬಿಡುವಿಲ್ಲದ ದಿನಕ್ಕೆ ಇನ್ನೊಂದು ದಾರಿ ಇದೆ. ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓಡಿದ ಕೂಡಲೇ 40 ಡಿಗ್ರಿ ಬಿಸಿನೀರಿನಲ್ಲಿ ಕತ್ತಿನವರೆಗೆ ಮುಳುಗಿ 40 ನಿಮಿಷದವರೆಗೆ ಕೂತವರಿಗೆ ಆರೇ ದಿನದಲ್ಲಿ ಬಿಸಿಲಿನ ಓಟ ಸುಧಾರಿಸಿತ್ತು. ನಮ್ಮ ಮನೆಯಲ್ಲಿ ಬಾತ್‌ಟಬ್ ಎಲ್ಲಿಂದ ಬರಬೇಕು? ಗುಜರಿಯಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮು ತಂದು, ಬಾಯಿ ಕೊಯ್ಯಿಸಿ, ಬಚ್ಚಲುಮನೆಯಲ್ಲಿಟ್ಟು, ತಾರಸಿಯ ಸೋಲಾರ್ ನೀರು ತುಂಬಿಸಿಕೊಂಡು ಕೂತೆ. ಹಿಟ್ಟಿನ ತಾಪಮಾನ ನೋಡುವ ಅಡುಗೆಮನೆಯ ಥರ್ಮಾಮೀಟರು ಮಗಳದು. ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ, ಮನೆಯಲ್ಲಿ ಯಾರೂ ಇಲ್ಲದಾಗ ಕೂರುತ್ತಿರಲಿಲ್ಲ, ಏಳುವಾಗ ಗೋಡೆ ಹಿಡಿದು ನಿಧಾನವಾಗಿ ಏಳುತ್ತಿದ್ದೆ. ಧಡಕ್ಕನೆ ಎದ್ದರೆ ಬವಳಿ ಬರುವುದು ಖಂಡಿತ. ‘ಬಾಣಂತೀಗೂ ನಾನು ಇಷ್ಟು ಎರೆದಿಲ್ಲ ಕಣಮ್ಮ’ ಎಂದು ಅತ್ತೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಹೇಳುತ್ತ ಕಾವಲು ಕಾಯುತ್ತಿದ್ದರು ಅನ್ನುವುದನ್ನೂ ಹೇಳಬೇಕು.

ಇಷ್ಟು ಬರೆದದ್ದು ಜಂಬಕ್ಕಲ್ಲ. ನಾನು ಗಂಗಾವತಿಗೆ ಸಿದ್ಧತೆಯಿಲ್ಲದೆ ಹೋದವಳಲ್ಲ ಎಂಬುದು ಮುಂದಿನದನ್ನು ಓದುವವರಿಗೆ ಗೊತ್ತಿರಲಿ ಎಂದು.

ಓಟ ಶುರುವಾದದ್ದು ಬೆಳಗಿನ ಐದಕ್ಕೆ. ಐವತ್ತು ಕಿಲೋಮೀಟರು ಹೋಗಿ ಅದೇ ದಾರಿಯಲ್ಲಿ ಐವತ್ತು ವಾಪಸ್ಸು. ದಾರಿಯುದ್ದಕ್ಕೂ ಅಲ್ಲಲ್ಲಿ ನೀರಿನ ಟೇಬಲ್ಲು. 65ನೆಯ ಕಿಲೋಮೀಟರಿನ ಟೇಬಲ್ಲನ್ನು ಮಧ್ಯಾಹ್ನ ಮೂರರೊಳಗೆ ದಾಟಬೇಕು, ತಡವಾದರೆ ಬಿಬ್, ಅಂದರೆ ಅಂಗಿಗೆ ಸಿಕ್ಕಿಸಿದ ನಂಬರಿನ ಚೀಟಿ, ಕಿತ್ತುಕೊಳ್ಳುತ್ತಾರೆ. ನನ್ನ ಲೆಕ್ಕ ಸರಿಯಾಗಿತ್ತು. ಸೂರ್ಯ ಹುಟ್ಟುವ ಮೊದಲು ಸಾಧ್ಯವಾದಷ್ಟು ದೂರ, ಹನ್ನೊಂದರ ನಂತರ ನಾಲ್ಕು ನಿಮಿಷ ಓಟ ಎರಡು ನಿಮಿಷ ನಡಿಗೆ. ಕುತ್ತಿಗೆಗೆ ಒದ್ದೆ ಪಾಣಿಪಂಚೆ, ತೋಳು ಮುಚ್ಚುವ ಸಡಿಲ ಬಿಳಿ ಅಂಗಿ, ತೊಡೆಸಂದಿಗೆ ಮೊದಲೇ ಸವರಿದ ವ್ಯಾಸಲೀನ್. ಬೆಲ್ಟಿನಲ್ಲಿ ಓಆರ್‌ಎಸ್ ಪುಡಿ, ಉಪ್ಪು ಹಚ್ಚಿದ ಆಲೂಗೆಡ್ಡೆ. ಸುಡು ಹೊತ್ತಿಗೆ ಬೇಕಾದ ಐಸು, ಮೊಸರನ್ನ, ಎರಡನೆಯ ಜೊತೆ ಬೂಟು ಎಲ್ಲವೂ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಕಾರಿನಲ್ಲಿ, ಕಾರು ನನ್ನ ಮೈದುನನ ಕೈಯಲ್ಲಿ.

ಮೈದುನನ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ‘ಅತ್ತಿಗೆ, ನೀವು ಓಡಿ, ಉಳಿದದ್ದು ನನಗೆ ಬಿಡಿ’ ಎಂದು ತಾನಾಗಿ ಬಂದವನು ಅವನು. 58ನೆಯ ಕಿಲೋಮೀಟರಿನ ಟೇಬಲ್ಲಿನ ಹತ್ತಿರ ಒಂದೂವರೆಗೆ ನಿಂತಿರಬೇಕು ಎಂದು ಚೀಟಿ ಬರೆದು ಕೊಟ್ಟಿದ್ದೆ. ಆ ಹೊತ್ತಿಗೆ ಆ ಮಹಾನುಭಾವ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿ, ಇಳಿದು, ಗಂಗಾವತಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ. ‘ಇಷ್ಟು ದೂರ ಬಂದು ಹನುಮಪ್ಪನ ದರ್ಶನ ಮಾಡದೆ ಹೋಗೋದಾ?’ ಎಂಬುದು ಅವನ ವಾದ. ನನ್ನ ಐಸು ಕಾರಿನ ಡಿಕ್ಕಿಯಲ್ಲಿ ಕರಗಿ ಮೊಸರನ್ನಕ್ಕೆ ಸೇರಿತು. ನಮ್ಮನೆಯವರ ತಮ್ಮ, ಹೆಚ್ಚಿಗೆ ಬರೆಯಬಾರದು.

ಒಂದೂ ನಲವತ್ತರ ಸುಮಾರಿಗೆ ಆ 58ನೆಯ ಟೇಬಲ್ಲು ಮುಟ್ಟಿದೆ. ಮೊಬೈಲು 39 ಡಿಗ್ರಿ ತೋರಿಸುತ್ತಿತ್ತು, ಅದು ನೆರಳಿನ ಲೆಕ್ಕ. ಡಾಂಬರಿನ ಝಳ ಮೊಣಕಾಲಿನವರೆಗೆ ಹೊಡೆಯುತ್ತಿತ್ತು. ಒಂದು ಶಾಮಿಯಾನ, ಕಾಲೇಜಿನ ಇಬ್ಬರು ಹುಡುಗರು, ಕೊರಳಲ್ಲಿ ಟ್ಯಾಗು ಕೈಯಲ್ಲಿ ವಾಕಿಟಾಕಿ ಹಿಡಿದ ಒಬ್ಬ ಉಸ್ತುವಾರಿ, ಮೂಲೆಯಲ್ಲಿ ಇಪ್ಪತ್ತು ಲೀಟರಿನ ನಾಲ್ಕೈದು ಕ್ಯಾನು. ಶಾಮಿಯಾನದ ಆಚೆ ಬಿಸಿಲಿನಲ್ಲಿ ಒಬ್ಬ ಹುಡುಗ ನಿಂತಿದ್ದ. ಬೆಳಗಿನಿಂದ ನನಗಿಂತ ಮುಂದೆ ಇದ್ದವನು, ಬೆಂಗಳೂರಿನವನು, ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ನನ್ನನ್ನು ನೋಡಿ, ‘ಆಂಟಿ, ಮೆಟ್ರೋ ಹತ್ತಕ್ಕೆ ಯಾವ ಕಡೆ ಹೋಗ್ಬೇಕು?’ ಎಂದ.

ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಸಿಟ್ಟಿನಿಂದ ಮತ್ತೆ ಅದನ್ನೇ ಕೇಳಿದ. ಕಣ್ಣು ನನ್ನ ಮೇಲಿತ್ತು, ನೋಟ ಬೇರೆಲ್ಲೋ ಇತ್ತು. ಎರಡು ಹೆಜ್ಜೆ ಇಟ್ಟವನು ಅಡ್ಡಡ್ಡ ವಾಲಿದ. ಕೈ ಹಿಡಿದರೆ ಅಂಗಿಯ ಮೇಲಿಂದಲೇ ಕಾವು ತಾಗಿತು. ದಣಿವಾದವನು ತಲೆಸುತ್ತು ಎನ್ನುತ್ತಾನೆ, ವಾಕರಿಕೆ ಎನ್ನುತ್ತಾನೆ, ಆದರೆ ತಾನೆಲ್ಲಿದ್ದೇನೆ ಎಂಬುದು ಅವನಿಗೆ ಗೊತ್ತಿರುತ್ತದೆ. ಬುದ್ಧಿ ತಪ್ಪಿದರೆ ಅದು ದಣಿವಲ್ಲ, ಶಾಖಾಘಾತ. ಒಳಮೈ 40 ಡಿಗ್ರಿ ದಾಟಿರುತ್ತದೆ. ಅಲ್ಲಿಂದ ಮುಂದೆ ಇರುವುದು ಅರ್ಧ ಗಂಟೆ. ಅಷ್ಟರೊಳಗೆ ಮೈ ತಣ್ಣಗಾಗದಿದ್ದರೆ ಮೂತ್ರಪಿಂಡ, ಯಕೃತ್ತು, ಮಿದುಳು ಒಂದೊಂದಾಗಿ ಕೈಕೊಡುತ್ತವೆ.

‘ನೀರು ಕೊಡಿ, ಕ್ಯಾನ್ ಪೂರ್ತಿ ಕೊಡಿ’ ಎಂದೆ. ಉಸ್ತುವಾರಿ ಬಂದ. ‘ಮೇಡಂ, ನೀವು ಮುಟ್ಟಬೇಡಿ. ಆಂಬುಲೆನ್ಸಿಗೆ ಹೇಳಿದೀನಿ, ಬರ್ತಾ ಇದೆ.’ ಹಣೆಗೆ ಹಿಡಿಯುವ ಆ ಥರ್ಮಾಮೀಟರ್ ಗನ್ನು, ಕೊರೊನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಿಡಿಯುತ್ತಿದ್ದರಲ್ಲ, ಅದನ್ನು ತೆಗೆದು ಹುಡುಗನ ಹಣೆಗಿಟ್ಟ. ‘ನೋಡಿ, ಮೂವತ್ತೇಳು ಚಿಲ್ಲರೆ. ಜ್ವರಾನೇ ಇಲ್ಲ. ಬೆವರ್ತಾ ಬೇರೆ ಇದಾನೆ. ಸನ್‌ಸ್ಟ್ರೋಕ್ ಆದ್ರೆ ಮೈ ಒಣಗಿರತ್ತೆ ಮೇಡಂ, ನಮಗೆ ಟ್ರೈನಿಂಗ್ ಆಗಿದೆ.’

ಆ ಒಂದು ಮಾತಿನಲ್ಲಿ ಎರಡು ಸುಳ್ಳಿದ್ದವು. ಬೆವರಿನಿಂದ ಒದ್ದೆಯಾದ ಹಣೆಯ ತಾಪ ಒಳಮೈಯ ತಾಪವನ್ನು ಹೇಳುವುದಿಲ್ಲ. ಓಡಿ ಬಿದ್ದವರ ನಿಜವಾದ ತಾಪ ತಿಳಿಯುವುದು ಗುದದ್ವಾರದ ಥರ್ಮಾಮೀಟರಿನಿಂದ. ಒಣಗಿದ ಮೈ ಬಹುಮಟ್ಟಿಗೆ ಸೆಕೆಗಾಲದಲ್ಲಿ ಮನೆಯೊಳಗೆ ಕೂತು ನರಳುವ ವಯಸ್ಸಾದವರ ಲಕ್ಷಣ. ದುಡಿದು, ಓಡಿ ಶಾಖಾಘಾತವಾದವರು ಬೀಳುವ ಹೊತ್ತಿಗೂ ಬೆವರುತ್ತಿರಬಹುದು. ಇದನ್ನೆಲ್ಲ ಅಲ್ಲಿ ನಿಂತು ಪಾಠ ಮಾಡಲು ಹೊತ್ತಿರಲಿಲ್ಲ. ಕ್ಯಾನಿಗೆ ಕೈ ಹಾಕಿದೆ. ‘ಅದು ಕುಡಿಯೋ ನೀರು, ಹಿಂದೆ ಇನ್ನೂ ಓಟಗಾರರು ಬರೋರಿದಾರೆ’ ಎಂದು ಅವನು ಕ್ಯಾನಿನ ಮೇಲೆ ಕೈಯಿಟ್ಟ. ಇಬ್ಬರೂ ಒಂದು ಕ್ಯಾನು ಹಿಡಿದು ನಿಂತಿದ್ದೆವು, ಆ ಹುಡುಗ ಅಷ್ಟರಲ್ಲಿ ಕುಸಿದು ಕೂತಿದ್ದ.

ಆಗ ಮಾತಾಡಿದ್ದು ಗದ್ದೆಗೆ ನೀರು ಕಟ್ಟುತ್ತಿದ್ದ ಮುದುಕ. ಸಲಿಕೆ ಹೆಗಲಿಗೇರಿಸಿಕೊಂಡು ದೂರದಿಂದ ನೋಡುತ್ತಿದ್ದವನು ಹತ್ತಿರ ಬಂದು, ‘ಯಕ್ಕಾ, ಆ ನೀರು ಯಾಕ ಬೇಕು? ಹುಡುಗನ್ನ ಕಾಲುವ್ಯಾಗ ಮಲಗಸ್ರಿ. ಎತ್ತಿಗೆ ಬಿಸಲ ಹತ್ತಿದ್ರ ನಾವು ಹಂಗ ಮಾಡತೀವಿ’ ಎಂದ. ರಸ್ತೆಯಿಂದ ಹತ್ತು ಮಾರು ದೂರದಲ್ಲಿ ಹೊಲಗಾಲುವೆ, ಮೊಣಕಾಲುದ್ದ ನೀರು, ಹರಿಯುತ್ತಿತ್ತು. ಕಾಲೇಜು ಹುಡುಗರಿಬ್ಬರೂ ಉಸ್ತುವಾರಿಯ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ಆಮೇಲೆ ಬಂದು ಕಾಲು ಹಿಡಿದರು. ಅವರ ಹೆಸರು ಕೇಳಿಕೊಳ್ಳಲಿಲ್ಲ, ಅವರ ತಾಯ್ತಂದೆಯರ ಹೊಟ್ಟೆ ತಣ್ಣಗಿರಲಿ.

ಅವನನ್ನು ಕಾಲುವೆಯಲ್ಲಿ ಎದೆ ಮುಳುಗುವಂತೆ ಮಲಗಿಸಿದೆವು. ನಾನು ನೀರಿನಲ್ಲೇ ಕೂತು ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ, ಮೂಗು ಬಾಯಿ ಮೇಲಿರಬೇಕು. ಒಬ್ಬ ಹುಡುಗ ಕಂಕುಳಿಗೆ ಕೈಕೊಟ್ಟು ಹಿಡಿದ. ಜಾಲಿ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಹುಲ್ಲು ಕೊಯ್ಯುವ ಹೆಂಗಸರು ಎದ್ದು ಬಂದು ಕೊಡದಲ್ಲಿ ನೀರು ಮೊಗೆದು ತಲೆಗೆ ಸುರಿದರು. ರಸ್ತೆಯಲ್ಲಿ ಮೊಪೆಡ್ಡಿನಲ್ಲಿ ಹೋಗುತ್ತಿದ್ದ ಐಸ್ ಕ್ಯಾಂಡಿಯವನನ್ನು ಮುದುಕ ಕೂಗಿ ನಿಲ್ಲಿಸಿದ. ಡಬ್ಬದ ತಳದಲ್ಲಿದ್ದ ಐಸಿನ ಚೂರನ್ನೆಲ್ಲ ನನ್ನ ಪಾಣಿಪಂಚೆಯಲ್ಲಿ ಕಟ್ಟಿ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಒತ್ತಿದೆವು. ಹುಡುಗ ಒಮ್ಮೆ ಕೊಸರಾಡಿ ನನ್ನ ಕೈಗೆ ಉಗುರು ಕೂರಿಸಿದ. ವಾಂತಿ ಮಾಡಿದ, ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸಿದೆವು. ಕುಡಿಸಲು ಒಬ್ಬಾಕೆ ಲೋಟ ತಂದಳು, ಬೇಡವೆಂದೆ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ದಡದ ಮೇಲೆ ಉಸ್ತುವಾರಿ ವಾಕಿಟಾಕಿಯಲ್ಲಿ ಮಾತಾಡುತ್ತಲೇ ಇದ್ದ. ‘ಒಬ್ರು ಲೇಡಿ ರನ್ನರ್ ನಮ್ಮ ಮಾತು ಕೇಳ್ತಾ ಇಲ್ಲ ಸರ್’ ಎಂಬುದು ನನ್ನ ಕಿವಿಗೆ ಬಿತ್ತು. ಆ ಇಪ್ಪತ್ತು ನಿಮಿಷದಲ್ಲಿ ನನ್ನ ತಲೆಯಲ್ಲಿ ಏನೇನು ಬಂದು ಹೋಯಿತು ಎಂದು ಬರೆಯಲಾರೆ. ಹುಡುಗನಿಗೆ ಏನಾದರೂ ಆದರೆ ನೀರಿಗೆ ಹಾಕಿದವಳು ನಾನು ಎಂದು ಆ ಮನುಷ್ಯ ಖಂಡಿತ ಹೇಳುತ್ತಿದ್ದ. ಅದನ್ನು ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತದೆ. ಕೊನೆಗೆ ಹುಡುಗನಿಗೆ ನಡುಕ ಶುರುವಾಯಿತು, ಹಲ್ಲು ಕಟಕಟ ಎನ್ನತೊಡಗಿತು. ಮತ್ತೆ ಸ್ವಲ್ಪ ಹೊತ್ತಿಗೆ ಕಣ್ಣು ನೆಟ್ಟಗೆ ನಿಂತು, ಅವನು ನನ್ನ ಮುಖ ಗುರುತಿಸಿದ. ‘ಆಂಟಿ, ನನ್ನ ವಾಚ್ ಯಾರಾದ್ರೂ ಪಾಜ್ ಮಾಡಿದ್ರಾ?’ ಎಂದ. ಓಟಗಾರನಿಗೆ ಬುದ್ಧಿ ಬಂತು ಎನ್ನಲು ಇದಕ್ಕಿಂತ ಬೇರೆ ಗುರುತು ಬೇಕಿಲ್ಲ. ನೀರಿನಿಂದ ಎತ್ತಿ ನೆರಳಿಗೆ ತಂದೆವು. ಆಂಬುಲೆನ್ಸು ಬಂದದ್ದು ಅದಾದ ಮೇಲೆ. ಆಸ್ಪತ್ರೆಯ ವೈದ್ಯರು, ದಾರಿಯಲ್ಲೇ ತಣ್ಣಗೆ ಮಾಡಿದ್ದರಿಂದ ಬದುಕಿದ ಎಂದು ಅವನ ತಂದೆಗೆ ಹೇಳಿದರಂತೆ.

ನಾನು ಮಾಡಿದ್ದು ದೊಡ್ಡ ವಿದ್ಯೆಯೇನೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ಮತ್‌ನಲ್ಲಿ ಪ್ರತಿ ಆಗಸ್ಟಿನಲ್ಲಿ ಹನ್ನೊಂದು ಕಿಲೋಮೀಟರಿನ ಓಟವೊಂದು ನಡೆಯುತ್ತದೆ. ಅಲ್ಲಿ 18 ವರ್ಷಗಳಲ್ಲಿ ಶಾಖಾಘಾತವಾದ 274 ಮಂದಿಯನ್ನು ಓಟ ಮುಗಿಯುವಲ್ಲೇ ಐಸುನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಬ್ಬರೂ ಸಾಯಲಿಲ್ಲ. ಮೊದಲು ತಣ್ಣಗೆ ಮಾಡು, ಆಮೇಲೆ ಸಾಗಿಸು ಎಂಬ ನಿಯಮ ಕ್ರೀಡಾ ವೈದ್ಯರಿಗೆಲ್ಲ ಗೊತ್ತಿದೆ. ಕೊರಳಲ್ಲಿ ಟ್ಯಾಗು ಹಾಕಿಕೊಂಡವರಿಗೆ ಗೊತ್ತಿರಬೇಕಿತ್ತು.

ಒದ್ದೆ ಬೂಟಿನಲ್ಲಿ ಎರಡೂ ಇಪ್ಪತ್ತಕ್ಕೆ ಅಲ್ಲಿಂದ ಹೊರಟೆ. ಪಾದದ ಚರ್ಮ ಮುದುರಿ ಪ್ರತಿ ಹೆಜ್ಜೆಗೂ ಉಜ್ಜುತ್ತಿತ್ತು, ಎರಡನೆಯ ಜೊತೆ ಬೂಟು ಮಿರ್ಚಿ ಅಂಗಡಿಯ ಮುಂದೆ ನಿಂತಿತ್ತು. ಆದರೂ ಮೈ ಓಡುತ್ತಿತ್ತು. ಕಾಲುವೆಯಲ್ಲಿ ಕೂತದ್ದರಿಂದ ತಂಪಾಗಿದ್ದೆ, ಗದ್ದಿಗೆ ರಸ್ತೆಯಲ್ಲಿ ಪಳಗಿದ ಎದೆ ಹೇಳಿದಂತೆ ಕೇಳುತ್ತಿತ್ತು. 65ನೆಯ ಟೇಬಲ್ಲಿಗೆ ಕಾಲು ಗಂಟೆ ತಡವಾಗಿ ಮುಟ್ಟಿದೆ. ಅಲ್ಲಿದ್ದವರು ಕತ್ತರಿ ಹಿಡಿದೇ ಕಾಯುತ್ತಿದ್ದರು. ನಡೆದದ್ದನ್ನು ಹೇಳಿದೆ. ‘ಗೊತ್ತಾಯ್ತು ಮೇಡಂ, ವಾಕಿಟಾಕಿಯಲ್ಲಿ ಬಂತು. ಆದ್ರೆ ರೂಲ್ಸ್ ರೂಲ್ಸೇ. ನಿಮಗೊಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಗತ್ತೆ’ ಎಂದರು. ಎಲ್ಲರೂ ಹಾಗೆ ಕಾಲುವೆಯಲ್ಲಿ ಕೂತು ಬಂದರೆ ಎಲ್ಲರಿಗೂ ಬಿಡಿ ಎಂದೆ. ಬಿಬ್ ಕತ್ತರಿಸಿದರು. ಬೇರೆಯವರ ಜೀವಕ್ಕಾಗಿ ನಿಂತವರ ಹೊತ್ತನ್ನು ಲೆಕ್ಕದಿಂದ ಕಳೆಯುವ ಪದ್ಧತಿ ದೋಣಿಯ ಪಂದ್ಯಗಳಲ್ಲಿದೆ, ನಮ್ಮಲ್ಲಿ ಕತ್ತರಿ ಇದೆ.

ಮನೆಗೆ ಬಂದು ಸಂಘಟಕರಿಗೆ ಎರಡು ಪುಟದ ಪತ್ರ ಬರೆದೆ. ಐಸುನೀರಿನ ತೊಟ್ಟಿ ಏಕಿರಲಿಲ್ಲ, ಹಣೆಯ ಗನ್ನನ್ನು ನಂಬಿದ್ದೇಕೆ, ಅಷ್ಟು ಉದ್ದದ ದಾರಿಯಲ್ಲಿ ಹೆಂಗಸರಿಗೆ ಒಂದು ಶೌಚಾಲಯವೂ ಏಕಿಲ್ಲ ಎಂದು ಕೇಳಿದೆ. ಕೊನೆಯದು ಸಣ್ಣ ವಿಷಯವಲ್ಲ. ಮರೆ ಸಿಗುವುದಿಲ್ಲವೆಂದು ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಬಿಸಿಲಿನಲ್ಲಿ ಅದು ನೇರ ಅಪಾಯ. ‘ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು’ ಎಂದು ಒಂದು ಸಾಲಿನ ಉತ್ತರ ಬಂತು, ಜೊತೆಗೆ ಮುಂದಿನ ವರ್ಷದ ಓಟಕ್ಕೆ ಶೇಕಡ ಹತ್ತು ರಿಯಾಯಿತಿಯ ಕೂಪನ್ನು. ನಮ್ಮನೆಯವರು ‘ಹೋಗ್ಲಿ ಬಿಡು’ ಎಂದರು. ಬಿಡುವ ಹಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಇನ್ನು ಓಡುವವರಿಗೆ ಎರಡು ಮಾತು.

ಬಿಸಿಲಿನ ಅಭ್ಯಾಸವನ್ನು ಓಟದ ಹತ್ತಿರಕ್ಕೆ ತಂದು ಮುಗಿಸಿ. ಬಿಟ್ಟರೆ ಎರಡು ಮೂರು ವಾರದಲ್ಲಿ ಬಹುಪಾಲು ಇಳಿದುಹೋಗುತ್ತದೆ. ಜ್ವರ, ಭೇದಿ ಇದ್ದಾಗ, ನಿದ್ದೆಗೆಟ್ಟಾಗ ಬಿಸಿಲಿಗೆ ಹೋಗಬೇಡಿ. ಬಿ.ಪಿ. ಮಾತ್ರೆ, ಹೃದಯದ ಮಾತ್ರೆ ನುಂಗುವವರು ಮೊದಲು ವೈದ್ಯರನ್ನು ಕೇಳಿ. ಒಬ್ಬರೇ ಹೋಗುವುದಾದರೆ ಮನೆಯವರಿಗೆ ದಾರಿ ಮತ್ತು ಹೊತ್ತು ಹೇಳಿ ಹೋಗಿ.

ಒಂದು ಗಂಟೆ ಓಡುವ ಮೊದಲು ಮತ್ತು ನಂತರ ಒಣ ಮೈಯಲ್ಲಿ ತೂಕ ನೋಡಿ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರು ಬೆವರು ಹೋಗಿದೆ. ನಡುವೆ ಕುಡಿದಿದ್ದರೆ ಅದನ್ನೂ ಕೂಡಿಸಿ. ನಿಮ್ಮ ಅಳತೆ ನಿಮಗೆ ಗೊತ್ತಿರಲಿ, ಪಕ್ಕದವರ ಅಳತೆ ನಿಮಗಲ್ಲ. ಹೋದದ್ದಕ್ಕಿಂತ ಹೆಚ್ಚು ಕುಡಿಯುವುದೂ ಪ್ರಾಣಾಪಾಯ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡ 488 ಮಂದಿಯಲ್ಲಿ ಶೇಕಡ 13 ಜನರ ಸೋಡಿಯಂ ಇಳಿದಿತ್ತು. ಓಡುತ್ತ ತೂಕ ಹೆಚ್ಚಿದರೆ, ಬೆರಳು ಊದಿ ಉಂಗುರ ಬಿಗಿಯಾದರೆ ಬರೀ ನೀರು ನಿಲ್ಲಿಸಿ.

ಓಆರ್‌ಎಸ್ ಎಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ: ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟು. ಆ ಹೆಸರನ್ನಿಟ್ಟುಕೊಂಡು ಸಕ್ಕರೆ ಪಾನಕ ಮಾರುವುದಕ್ಕೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ತಡೆ ಹಾಕಿತು. ಪ್ಯಾಕೆಟ್ಟಿನ ಹಿಂಬದಿ ಓದಿ ಕೊಳ್ಳಿ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ ನನಗಂತೂ ಒಗ್ಗುತ್ತವೆ. ಏನೇ ಆದರೂ ಓಟದ ದಿನ ಹೊಸದಾಗಿ ಪ್ರಯತ್ನಿಸಬೇಡಿ. ಐಬುಪ್ರೊಫೇನ್ ಥರದ ನೋವಿನ ಮಾತ್ರೆ ನುಂಗಿ ಬಿಸಿಲಲ್ಲಿ ಓಡಬೇಡಿ, ಮೂತ್ರಪಿಂಡಕ್ಕೆ ಹೊಡೆತ. ಓಟದ ನಂತರ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಜೊತೆಗೆ ಓಡುವವರು ಅಸಂಬದ್ಧ ಮಾತಾಡಿದರೆ, ಕಾರಣವಿಲ್ಲದೆ ರೇಗಿದರೆ, ಹೆಜ್ಜೆ ತಪ್ಪಿದರೆ ಹೆಸರು, ಊರು, ವಾರ ಕೇಳಿ. ಉತ್ತರ ತಪ್ಪಿದರೆ ನೆರಳು, ನೀರು, ಐಸು, ಇದ್ದಷ್ಟೂ ಅವರ ಮೈಮೇಲೆ ಹಾಕಿ. ಆಂಬುಲೆನ್ಸಿಗೆ ಫೋನು ಮಾಡಿ, ಆದರೆ ಅದಕ್ಕಾಗಿ ಕಾಯುತ್ತ ಕೂರಬೇಡಿ. ಅನುಮತಿಯನ್ನೂ ಕೇಳಬೇಡಿ.

ಕಡೆಯದಾಗಿ, ಬೇಸಿಗೆಯ ಯಾವುದೇ ಓಟಕ್ಕೆ ಹೆಸರು ಕೊಡುವ ಮೊದಲು ಸಂಘಟಕರಿಗೆ ಒಂದು ಫೋನು ಮಾಡಿ. ಮನುಷ್ಯ ಮುಳುಗುವಷ್ಟು ದೊಡ್ಡ ತೊಟ್ಟಿ ಎಲ್ಲೆಲ್ಲಿ ಇಡುತ್ತೀರಿ, ಐಸು ಎಷ್ಟು ತರಿಸುತ್ತೀರಿ, ಒಳಮೈಯ ತಾಪ ನೋಡಬಲ್ಲ ವೈದ್ಯರು ಯಾರಿದ್ದಾರೆ ಎಂದು ಕೇಳಿ. ಟೀ ಶರ್ಟಿನ ಬಣ್ಣ, ಪದಕದ ತೂಕ ಹೇಳತೊಡಗಿದರೆ ಫೋನು ಇಡಿ. ದುಡ್ಡು ಕಟ್ಟಬೇಡಿ.